ಅಪ್‌ಡೇಟ್: ಅಮ್ಮನ ಜೊತೆ ವೆಲೆನ್ಸಿಯಾದಲ್ಲಿ ಎರಡು ದಿನ

ಸಸ್ಯಾಹಾರಿ ಅಮ್ಮನನ್ನು ವಾರಾಂತ್ಯಕ್ಕೆ ಸ್ಪೇನ್‌ನ ವೆಲೆನ್ಸಿಯಾಕ್ಕೆ ಕರೆದೊಯ್ಯುವುದು ಹೇಗೆ ಎಂದು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಹೋಗಿ ಬಂದೆವು. ಮ್ಯಾಡ್ರಿಡ್‌ನಿಂದ ವೇಗದ ರೈಲು ಹಿಡಿಯಿರಿ ಎಂದವರಿಗೆ ಮೊದಲ ನಮಸ್ಕಾರ. ಎರಡು ಗಂಟೆಯೊಳಗೆ ತಲುಪಿದೆವು. ಮೆರ್ಕಾಡೊ ಸೆಂಟ್ರಲ್ ಮಾರುಕಟ್ಟೆಯನ್ನು ಭಾನುವಾರ ನೋಡಿ ಎಂಬ ಸಲಹೆ ಮಾತ್ರ ಕೈಕೊಟ್ಟಿತು. ಅಂದು ಅದಕ್ಕೆ ರಜೆ. ಶನಿವಾರ ಬೆಳಿಗ್ಗೆಯೇ ಹೋಗಿಬಿಡಿ.

ಊಟದ ಚಿಂತೆ ದೊಡ್ಡದಿತ್ತು. ಅಲ್ಲಿನ ಹೆಸರಾಂತ ಅನ್ನದ ಖಾದ್ಯ ಪಯೆಯಾವನ್ನು ಸಾಂಪ್ರದಾಯಿಕವಾಗಿ ಮಾಡಿದರೆ ಅದರಲ್ಲಿ ಕೋಳಿ, ಮೊಲದ ಮಾಂಸ ಇರುತ್ತದೆ. 'ಪಯೆಯಾ ದೆ ವೆರ್ದುರಾಸ್', ಅಂದರೆ ತರಕಾರಿ ಪಯೆಯಾ, ಎಂದು ಕೇಳಿ, ಬೇಯಿಸುವ ಸಾರವೂ ತರಕಾರಿಯದೇ ಎಂದು ಖಚಿತಪಡಿಸಿಕೊಳ್ಳಿ ಎಂದಿರಿ. ಅದೇ ಫಲಿಸಿತು. ಬಾಣಲೆಯ ತಳ ಹಿಡಿದ ಗರಿಗರಿ ಅನ್ನವನ್ನು ಅಮ್ಮ ಚಮಚದಿಂದ ಕೆರೆದು ಕೆರೆದು ತಿಂದರು. ಅದಕ್ಕೆ ಅಲ್ಲಿ 'ಸೊಕರಾತ್' ಎಂಬ ಹೆಸರೇ ಇದೆ!

ನನಗೆ ಅಚ್ಚರಿಯೆನಿಸಿದ್ದು ಊರಿನ ತೂರಿಯಾ ನದಿ. 1957ರ ಪ್ರವಾಹದ ನಂತರ ನದಿಯನ್ನೇ ಊರಾಚೆಗೆ ತಿರುಗಿಸಿದ್ದಾರೆ. ಹಳೆಯ ಪಾತ್ರವೀಗ ಉದ್ಯಾನ. ನೀರಿಲ್ಲದ ಹಳೆಯ ಕಲ್ಲುಸೇತುವೆಗಳ ಕೆಳಗೆ, ಕಿತ್ತಳೆ ಮರಗಳ ನಡುವೆ ಸಂಜೆಯಿಡೀ ನಡೆದೆವು. ಕೊನೆಗೆ ತಣ್ಣನೆಯ ಒರ್ಚಾತಾ ಕುಡಿದೆವು. ಹಾಲಿನಂತೆ ಕಂಡರೂ ಹಾಲಲ್ಲ, ಜೇಕಿನ ಜಾತಿಯ ಗಿಡದ ಪುಟ್ಟ ಗಡ್ಡೆಯ ರಸ. ಅಮ್ಮ ಎರಡು ಲೋಟ ಕುಡಿದರು.