ಮಳೆಗಾಲದ ಹೂದೋಟ: ಗುಂಪಿನ ಸದಸ್ಯರೊಂದಿಗೆ ಸಸ್ಯರೋಗ ತಜ್ಞೆಯ ಪ್ರಶ್ನೋತ್ತರ

ಪ್ರಶ್ನೆ (ಮೂಡುಬಿದಿರೆಯ ಸದಸ್ಯೆ): ನಮಸ್ಕಾರ ಮೇಡಂ. ನೆರಳುಬಲೆಯ ಅಡಿಯಲ್ಲಿ 40 ಚಟ್ಟಿಗಳಲ್ಲಿ ಆಂಥೂರಿಯಂ ಬೆಳೆಸಿದ್ದೇನೆ. ಆಟಿ (ತುಳುವರ ಮಳೆಗಾಲದ ತಿಂಗಳು) ಶುರುವಾದ ಮೇಲೆ ಮೂರು ಗಿಡಗಳ ಎಲೆಯಂಚಿನಲ್ಲಿ ಎಣ್ಣೆ ಬಿದ್ದಂತಹ ಕಲೆಗಳು ಮೂಡಿ, ಸುತ್ತ ಹಳದಿಯಾಗಿ, ನಡುವೆ ಕಂದಾಗಿ ಒಣಗುತ್ತಿವೆ. ಎರಡು ಸಲ ಬೋರ್ಡೋ ದ್ರಾವಣ (ತಾಮ್ರದ ಮೈಲುತುತ್ತು ಮತ್ತು ಸುಣ್ಣದ ಶಿಲೀಂಧ್ರನಾಶಕ) ಹೊಡೆದರೂ ಗುಣ ಕಾಣಲಿಲ್ಲ.

ತಜ್ಞೆ: ಇದು ಶಿಲೀಂಧ್ರವಲ್ಲ, ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ಎಂದೇ ನನ್ನ ಅನುಮಾನ. ತೇವ ತುಂಬಿದ ರಾತ್ರಿಗಳಲ್ಲಿ ಬೇರು ಹೀರಿದ ನೀರು ಆವಿಯಾಗಲಾರದೆ, ಬೆಳಗ್ಗೆ ಎಲೆಯಂಚಿನ ಸೂಕ್ಷ್ಮ ರಂಧ್ರಗಳಲ್ಲಿ ಹನಿಗಟ್ಟಿ ನಿಂತಿರುವುದನ್ನು ತಾವು ನೋಡಿರುತ್ತೀರಿ. ಕ್ಸಾಂಥೋಮೊನಾಸ್ ಎಂಬ ದುಂಡಾಣು ಆ ಹನಿಗೆ ಸೇರಿಕೊಂಡು, ಹನಿ ಮರಳಿ ಒಳಸೇರುವಾಗ ತಾನೂ ಎಲೆಯನ್ನು ಹೊಗುತ್ತದೆ; ಕಲೆ ಅಂಚಿನಿಂದ ಆರಂಭವಾಗುವುದು ಅದಕ್ಕಾಗಿಯೇ. ಒಳಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ತಲುಪದು, ಮೇಲಾಗಿ ತಾಮ್ರ ಹೆಚ್ಚಾದರೆ ಆಂಥೂರಿಯಂನ ಎಲೆಯೇ ಸುಡುತ್ತದೆ. ಒಂದು ಗಿಡದ ಕಾಂಡವನ್ನು ಬುಡದಲ್ಲಿ ಅಡ್ಡ ಕತ್ತರಿಸಿ ನೋಡಿ. ಒಳಗೆ ಕಂದು ಗೆರೆಗಳಿದ್ದರೆ ಆ ಗಿಡವನ್ನು ಮಣ್ಣಿನ ಸಮೇತ ಹೊರಹಾಕಬೇಕು, ಗೊಬ್ಬರಗುಂಡಿಗೆ ಮಾತ್ರ ಹಾಕಬಾರದು. ಹೂ ಕೊಯ್ಯುವ ಕತ್ತಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಅದ್ದಿ ಬಳಸಿ. ಗಿಡದ ಮೇಲಿಂದ ನೀರು ಹಾಕಬೇಡಿ. ನೆಲಗಡಲೆ ಹಿಂಡಿಯ ನೀರು ಹಾಕುತ್ತಿದ್ದರೆ ಅದನ್ನೂ ಸದ್ಯ ನಿಲ್ಲಿಸಿ, ಸಾರಜನಕ ಹೆಚ್ಚಿದಷ್ಟೂ ರೋಗ ಬಲಿಯುತ್ತದೆ. ಹತ್ತಿರದಲ್ಲಿ ಸಿಂಗೋನಿಯಂ, ಡಿಫೆನ್‌ಬೇಕಿಯಾ ಅಥವಾ ಕೆಸು ಇದ್ದರೆ ದೂರ ಮಾಡಿ. ಅವು ಅದೇ ಕುಟುಂಬದ ಗಿಡಗಳು, ರೋಗವನ್ನು ಅಡಗಿಸಿಕೊಂಡಿರಬಲ್ಲವು.

ಪ್ರಶ್ನೆ (ಕಾರ್ಕಳದ ಸದಸ್ಯರು): ಗುಲಾಬಿ ಎಲೆಗಳಲ್ಲಿ ಕಪ್ಪು ಚುಕ್ಕೆ ಬಂದು ಉದುರುತ್ತಿವೆ. ಎಪ್ಸಂ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಬಹುದೇ?

ತಜ್ಞೆ: ನಮ್ಮ ಮುರಕಲ್ಲಿನ ಮಣ್ಣಿನಿಂದ ಮಳೆಗೆ ಮೆಗ್ನೀಸಿಯಂ ತೊಳೆದುಹೋಗುವುದು ನಿಜ, ಆದರೆ ಕಪ್ಪು ಚುಕ್ಕೆ ಶಿಲೀಂಧ್ರದ ರೋಗ, ಉಪ್ಪು ಅದಕ್ಕೆ ಮದ್ದಲ್ಲ. ಉದುರಿದ ಎಲೆ ಗುಡಿಸಿ ತೆಗೆಯಿರಿ, ಕುಂಡವನ್ನು ಆರು ಗಂಟೆ ಬಿಸಿಲು ಬೀಳುವಲ್ಲಿಗೆ ಸರಿಸಿ.



ಕುಂದಾಪುರದ ಸದಸ್ಯರು: ಆಂಥೂರಿಯಂಗೆ ಹುಳಿಮಜ್ಜಿಗೆ, ಅರಸಿನ, ಅಡುಗೆ ಸೋಡಾ ಬೆರೆಸಿ ಹೊಡೆದರೆ ಮೂರೇ ದಿನಕ್ಕೆ ಗುಣವಾಗುತ್ತದೆಂದು ಸಂದೇಶವೊಂದು ಬಂದಿದೆ. ನಮ್ಮ ಅಜ್ಜಿಯೂ ಮಜ್ಜಿಗೆ ಹಾಕುತ್ತಿದ್ದರು.

ಪುತ್ತೂರಿನ ಸದಸ್ಯರು: ತಮ್ಮ ಅಜ್ಜಿಯ ಅಂಗಳದಲ್ಲಿ ಆಂಥೂರಿಯಂ ಇತ್ತೇ?

ತಜ್ಞೆ: ಸೋಡಾದಲ್ಲಿರುವುದು ಸೋಡಿಯಂ, ಕುಂಡದಲ್ಲಿ ಸೇರುತ್ತಾ ಹೋದರೆ ಬೇರು ಕೆಡುತ್ತದೆ. ಒದ್ದೆ ಎಲೆಗೆ ಮತ್ತಷ್ಟು ದ್ರವ ಎರಚಿದರೆ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಫಾರ್ವರ್ಡ್ ಆಗಿ ಬಂದ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಂಚಬೇಡಿ.

ಕುಂದಾಪುರದ ಸದಸ್ಯರು: ಮಜ್ಜಿಗೆಯ ಮಾತು ಬಿಡಿ. ಆಟಿಯಲ್ಲಿ ಪತ್ರೊಡೆಗೆ ಬೇಕಾದ ಕೆಸುವನ್ನೇ ದೂರ ಮಾಡಬೇಕೆನ್ನುವುದು ಅತಿಯಾಯಿತು.

ಪುತ್ತೂರಿನ ಸದಸ್ಯರು: ಪತ್ರೊಡೆಗೆ ಮರಕೆಸುವೇ ಶ್ರೇಷ್ಠ, ಅದು ಮರದ ಮೇಲೆಯೇ ಇರುತ್ತದೆ. ನೆಲದ ಕೆಸು ಬಾಯಿ ತುರಿಸುತ್ತದೆ.

ಕುಂದಾಪುರದ ಸದಸ್ಯರು: ಹುಣಸೆಹುಳಿ ಸರಿಯಾಗಿ ಹಾಕಲು ಬಾರದವರ ಬಾಯಿ ಮಾತ್ರ ತುರಿಸುತ್ತದೆ.

ತಜ್ಞೆ: ಕೆಸುವನ್ನು ಕಿತ್ತೆಸೆಯಿರಿ ಎಂದು ನಾನು ಹೇಳಿಲ್ಲ, ಆಂಥೂರಿಯಂನ ಪಕ್ಕದಲ್ಲಿ ಬೇಡ ಎಂದೆ. ಅಡುಗೆಯ ಚರ್ಚೆಗೆ ಬೇರೆ ಗುಂಪುಗಳಿವೆ.

ಪ್ರಶ್ನೆ (ಮಂಗಳೂರಿನ ಸದಸ್ಯೆ): ಗುಲಾಬಿ ಎಲೆಯ ಕಪ್ಪು ಚುಕ್ಕೆಗೆ ಏನು ಹಾಕಬೇಕು?

ತಜ್ಞೆ: ಮೇಲೆ ಓದಿ.

ಮೂಡುಬಿದಿರೆಯ ಸದಸ್ಯೆ: ಮೇಡಂ, ಕತ್ತರಿಸಿ ನೋಡಿದೆ. ಮೂರರಲ್ಲಿ ಎರಡು ಗಿಡಗಳ ಬುಡದಲ್ಲಿ ಕಂದು ಗೆರೆಗಳಿವೆ. ಕಳೆದ ವಾರವಷ್ಟೇ ಅದೇ ಸಾಲಿನ ನಾಲ್ಕು ಮರಿಗಳನ್ನು ತಂಗಿಗೆ ಕೊಟ್ಟಿದ್ದೆ. ಅವುಗಳ ಎಲೆ ಹಸಿರಾಗಿಯೇ ಇದ್ದವು.

ತಜ್ಞೆ: ಎಲೆ ಹಸಿರಾಗಿದ್ದರೂ ಒಳಗೆ ರೋಗವಿರಬಹುದು. ಆ ನಾಲ್ಕನ್ನೂ ಉಳಿದ ಗಿಡಗಳಿಂದ ದೂರವಿಟ್ಟು, ಅವುಗಳಿಗೆ ಕತ್ತಿ ತಾಗಿಸಬಾರದೆಂದು ತಂಗಿಗೆ ಈಗಲೇ ಫೋನ್ ಮಾಡಿ ತಿಳಿಸಿ.