ದುರ್ಬಲ ಚೌಕಟ್ಟಿನ ಮರದ ಶೆಡ್ಡನ್ನು ವಾಸದ ಕೋಣೆಯಾಗಿಸುವ ಮೊದಲು ಏನನ್ನು ಬಲಪಡಿಸಬೇಕು?

ಪ್ರಶ್ನೆ

ಈ ಮನೆಯನ್ನು ನಮಗೆ ಮಾರಿದವರು ಹಿತ್ತಲಲ್ಲಿ ಸಾಮಾನು ಇಡಲೆಂದು 3 ಮೀಟರ್ ಅಗಲ, 5 ಮೀಟರ್ ಉದ್ದದ ಮರದ ಶೆಡ್ ಒಂದನ್ನು ಕಟ್ಟಿಸಿದ್ದರು. ಅದನ್ನು ಓದುವುದಕ್ಕೂ ಅಗತ್ಯ ಬಿದ್ದಾಗ ಮಲಗುವುದಕ್ಕೂ ಆಗುವಂತಹ ಕೋಣೆಯಾಗಿ ಮಾರ್ಪಡಿಸುವ ಆಲೋಚನೆಯಿದೆ. ಗೋಡೆಯೊಳಗಿನ ನಿಲುವು ಪಟ್ಟಿಗಳು ಕೇವಲ 64 ಮಿ.ಮೀ. ಆಳದವು, ಅವುಗಳ ನಡುವಿನ ಅಂತರ ಒಂದು ಕಡೆ 600 ಮಿ.ಮೀ. ಇದ್ದರೆ ಇನ್ನೊಂದು ಕಡೆ 750 ಮಿ.ಮೀ. ದಾಟುತ್ತದೆ. ಬಾಗಿಲಿನ ಮೇಲೆ ಲಿಂಟಲ್ ಇಲ್ಲ. ಹೊರಗಡೆ ಅಡ್ಡ ಹಲಗೆಗಳನ್ನು ನೇರವಾಗಿ ಪಟ್ಟಿಗಳಿಗೇ ಮೊಳೆ ಹೊಡೆದು ಕೂರಿಸಿದ್ದಾರೆ. ಮಾಡು ಎರಡೂ ಬದಿಗೆ ಇಳಿಜಾರಾಗಿದ್ದು, ಒಳಗೆ ಎರಡು ಇಳಿಜಾರುಗಳು ಕೂಡುವ ನೆತ್ತಿಯವರೆಗೂ ಯಾವ ಅಡ್ಡತೊಲೆಯೂ ಇಲ್ಲದೆ ತೆರವಾಗಿದೆ. ಪ್ರತಿ ಪಟ್ಟಿಯ ಪಕ್ಕಕ್ಕೂ ಮತ್ತೊಂದನ್ನು ಜೋಡಿಸಿ, ಒಳಗೆ ಜಿಪ್ಸಮ್ ಬೋರ್ಡ್ ಹೊದಿಸಿದರೆ ಸಾಕಾಗುವುದೇ?

ಮೊದಲ ಉತ್ತರ

ಸಾಕಾಗುವುದಿಲ್ಲ. ಪಟ್ಟಿಗಳ ಅಂತರ ಕಣ್ಣಿಗೆ ಬೀಳುವ ದೋಷವಾದ್ದರಿಂದ ಎಲ್ಲರೂ ಮೊದಲು ಅಲ್ಲಿಗೇ ಕೈ ಹಾಕುತ್ತಾರೆ. ಆದರೆ ನಿಮ್ಮ ಬರಹದಲ್ಲಿ ನನಗೆ ಕಳವಳ ತಂದದ್ದು ಅಡ್ಡತೊಲೆ ಇಲ್ಲವೆಂಬ ಮಾತು. ಮಾಡನ್ನು ಹೊರುವ ಇಳಿಜಾರು ಮರಗಳಾದ ಜಂತೆಗಳು ಭಾರವನ್ನು ಕೆಳಕ್ಕೆ ಮಾತ್ರ ಒಯ್ಯುವುದಿಲ್ಲ, ಗೋಡೆಗಳನ್ನು ಹೊರಕ್ಕೂ ತಳ್ಳುತ್ತವೆ. ಆ ತಳ್ಳುವಿಕೆಯನ್ನು ತಡೆಯುವವರು ಅಲ್ಲಿ ಯಾರೂ ಇಲ್ಲ. ಉದ್ದ ಗೋಡೆಗಳ ಮೂಲೆಗಳಲ್ಲಿಯೂ ನಡುಭಾಗದಲ್ಲಿಯೂ ತೂಗುಗುಂಡು ಬಿಟ್ಟು ಅಳೆದು ತಿಳಿಸಿ. ನೆತ್ತಿಯ ಉದ್ದಕ್ಕೂ ದಾರ ಎಳೆದು ಅದು ಎಷ್ಟು ಜಗ್ಗಿದೆಯೆಂದೂ ನೋಡಿ.

ಪ್ರಶ್ನೆ ಕೇಳಿದವರು

ಅಳೆದೆ. ಮೂಲೆಗಳು ಬಹುತೇಕ ನೆಟ್ಟಗಿವೆ. ನಡುವೆ ಮಾತ್ರ ಎರಡೂ ಗೋಡೆಗಳು ಸುಮಾರು 30 ಮಿ.ಮೀ. ಹೊರಕ್ಕೆ ವಾಲಿವೆ, ನೆತ್ತಿ 60 ಮಿ.ಮೀ.ನಷ್ಟು ಜಗ್ಗಿದೆ. ಗೋಡೆಯ ತಲೆಯಿಂದ ನೆತ್ತಿಯ ಎತ್ತರ 750 ಮಿ.ಮೀ.

ಮೊದಲು ಉತ್ತರಿಸಿದವರು

ಲೆಕ್ಕ ಸರಿಹೊಂದುತ್ತದೆ. ನಿಮ್ಮ ಮಾಡಿನ ಇಳಿಜಾರಿನಲ್ಲಿ ಗೋಡೆಗಳು ಒಂದೊಂದೂ 1 ಮಿ.ಮೀ. ಸರಿದರೆ ನೆತ್ತಿ 2 ಮಿ.ಮೀ. ಇಳಿಯುತ್ತದೆ. ಅಂದರೆ ನೆತ್ತಿ ಹಲಗೆ ಮುರಿದು ಬಾಗಿದ್ದಲ್ಲ, ಗೋಡೆಗಳು ಜರುಗಿದ್ದರಿಂದ ಬಾಗಿದೆ. ಮಾಡಿನ ಮೇಲೆ ಚದರ ಮೀಟರಿಗೆ ಒಟ್ಟು 1 ಕಿಲೋನ್ಯೂಟನ್ (ಸುಮಾರು 100 ಕೆ.ಜಿ.) ಭಾರವೆಂದೂ ಜಂತೆಗಳು 600 ಮಿ.ಮೀ. ಅಂತರದಲ್ಲಿವೆಯೆಂದೂ ಇಟ್ಟುಕೊಂಡರೆ, ಪ್ರತಿ ಜೋಡಿ ಜಂತೆಯೂ ಗೋಡೆಯ ತಲೆಯನ್ನು ಸುಮಾರು 90 ಕೆ.ಜಿ. ಬಲದಿಂದ ಹೊರದೂಡುತ್ತದೆ. ಪಟ್ಟಿಗಳನ್ನು ಇಮ್ಮಡಿಸಿದರೂ ಈ ಬಲ ಎಲ್ಲಿಗೂ ಹೋಗುವುದಿಲ್ಲ.

ನೆತ್ತಿಯನ್ನು ಕೆಳಗಿನಿಂದ ಜ್ಯಾಕ್ ಮೇಲೆ ನಿಲ್ಲಿಸಿ, ಗೋಡೆಗಳನ್ನು ಚೈನ್ ಪುಲ್ಲಿಯಿಂದ ದಿನಕ್ಕೆ ಕೆಲವೇ ಮಿಲಿಮೀಟರಿನಂತೆ ಒಳಕ್ಕೆಳೆದು, ನೆಟ್ಟಗಾದ ಮೇಲೆ ಗೋಡೆಯ ತಲೆಯ ಮಟ್ಟದಲ್ಲಿ ಎದುರುಬದುರು ಜಂತೆಗಳನ್ನು ಅಡ್ಡತೊಲೆಗಳಿಂದ ಬಂಧಿಸಬೇಕು. ತಲೆಗೆ ತಾಗುತ್ತದೆಂದು ತೊಲೆಯನ್ನು ಮಾಡಿನ ಎತ್ತರದ ಮೂರನೆಯ ಒಂದು ಭಾಗದಷ್ಟು ಮೇಲಕ್ಕೆ ಸರಿಸಿದರೆ ಅದರ ಮೇಲಿನ ಎಳೆತ ಒಂದೂವರೆ ಪಟ್ಟಾಗುತ್ತದೆ, ಜಂತೆಯೂ ಬಾಗತೊಡಗುತ್ತದೆ. ನೆತ್ತಿಯ ಹತ್ತಿರ ಕಟ್ಟುವ ಚಿಕ್ಕ ಪಟ್ಟಿಗಳು ಗಾಳಿಗೆ ಮಾಡು ಬಿಚ್ಚಿಕೊಳ್ಳದಂತೆ ಹಿಡಿಯುತ್ತವೆಯೇ ಹೊರತು ಈ ಕೆಲಸಕ್ಕೆ ಒದಗವು. ತೆರೆದ ಮಾಡೇ ಬೇಕೆಂದಾದರೆ ನೆತ್ತಿಯಲ್ಲಿ ನಿಜವಾದ ತೊಲೆಯನ್ನಿಟ್ಟು, ಅದರ ಎರಡು ತುದಿಗಳ ಕಂಬಗಳನ್ನು ಅಡಿಪಾಯದವರೆಗೆ ಇಳಿಸಬೇಕು. 5 ಮೀಟರ್ ಉದ್ದಕ್ಕೆ ಅದರ ಗಾತ್ರವನ್ನು ಎಂಜಿನಿಯರೇ ನಿರ್ಧರಿಸಲಿ.

ಆಮೇಲೆ ಗೋಡೆ. ಅಡ್ಡ ಹಲಗೆಗಳು ಚೌಕಟ್ಟು ಓರೆಯಾಗುವುದನ್ನು ಹೆಚ್ಚೇನೂ ತಡೆಯಲಾರವು. ಸುಮಾರು 12 ಮಿ.ಮೀ. ಪ್ಲೈವುಡ್ ಹಾಳೆಗಳನ್ನು ಅಂಚುಗಳಲ್ಲಿ 150 ಮಿ.ಮೀ.ಗೊಂದು, ನಡುವೆ 300 ಮಿ.ಮೀ.ಗೊಂದು ಮೊಳೆ ಹೊಡೆದು ಕೂರಿಸಿ. ಹಾಳೆಯ ಅಂಚುಗಳು ಪಟ್ಟಿಯ ಮೇಲೆಯೇ ಬರಬೇಕಾದ್ದರಿಂದ, ನಿಮ್ಮ ಅಂತರದ ಸಮಸ್ಯೆ ನಿಜವಾಗಿ ಎದುರಾಗುವುದು ಇಲ್ಲಿ. ಹೊಸ ಪಟ್ಟಿಗಳನ್ನು 400 ಮಿ.ಮೀ. ಅಂತರಕ್ಕೆ ಬರುವಂತೆ, 89 ಮಿ.ಮೀ. ಆಳದವನ್ನೇ ಸೇರಿಸಿ. ಬಾಗದಿರುವ ಗುಣ ಆಳದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಅಷ್ಟೇ ದಪ್ಪದ ಹಳೆಯ ಪಟ್ಟಿಗಿಂತ ಇದು ಸುಮಾರು 2.7 ಪಟ್ಟು ಗಡುಸಾಗಿರುತ್ತದೆ. ಬಾಗಿಲಿಗೆ ಲಿಂಟಲ್ ಇಟ್ಟು, ಅದರ ಎರಡೂ ತುದಿಗಳ ಕೆಳಗೆ ಆನಿಕೆಯ ಪಟ್ಟಿ ಕೊಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರು ಮಾಡಿನಿಂದ ಆರಂಭಿಸಿದ್ದಾರೆ. ನಾನಾಗಿದ್ದರೆ ಬುಡದಿಂದ ಆರಂಭಿಸುತ್ತಿದ್ದೆ. ಶೆಡ್ ಯಾವುದರ ಮೇಲೆ ನಿಂತಿದೆಯೆಂದು ನೀವು ಬರೆದೇ ಇಲ್ಲ. ಬುಡದ ತೊಲೆ ಮಣ್ಣಿಗೆ ತಾಗಿದ್ದರೆ ಅದಕ್ಕೆ ಗೆದ್ದಲೋ ಕೊಳೆತವೋ ಹಿಡಿದಿರುವ ಸಂಭವವಿದೆ, ಹಾಗಿದ್ದಲ್ಲಿ ಜ್ಯಾಕ್ ಕೊಟ್ಟ ಕೂಡಲೇ ಅದು ಕುಸಿಯಬಹುದು. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಹಾರೆ ಗುದ್ದಲಿ ಇಡಲು ಹಾಕಿದ ನೆಲ ಅದನ್ನು ಹೊರುವುದೇ ಎಂಬುದನ್ನು ಪರಿಶೀಲಿಸಬೇಕು.

ಇನ್ನೊಂದು ದಾರಿಯೂ ಇದೆ. ಹೊಸ ಅಡಿಪಾಯದ ಮೇಲೆ ಹೊಸ ಚೌಕಟ್ಟನ್ನೇ ಒಳಗೆ ನಿಲ್ಲಿಸಿ, ಮಾಡಿನ ಭಾರವನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಹಲಗೆಗಳನ್ನು ಮಳೆ ತಡೆಯುವ ಹೊದಿಕೆಯಾಗಿ ಮಾತ್ರ ಉಳಿಸಿಕೊಳ್ಳುವುದು. ಒಳಗಿನ ಜಾಗ ಕಿರಿದಾಗುತ್ತದೆ, ನಿಜ. ನಾನು ಹಿಂದೊಮ್ಮೆ ಇಂಥದ್ದೇ ಶೆಡ್ಡನ್ನು ತುಂಡು ತುಂಡಾಗಿ ದುರಸ್ತಿ ಮಾಡುತ್ತಾ ಹೋಗಿ, ಕೊನೆಗೆ ಹಳೆಯದರಲ್ಲಿ ಬಾಗಿಲೊಂದೇ ಉಳಿದಿತ್ತು. ಅದನ್ನೂ ಮರುವರ್ಷ ಬದಲಿಸಿದೆ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಬುಡದ ತೊಲೆಯನ್ನು ಸುತ್ತಲೂ ಚುಚ್ಚಿ ನೋಡಿ, ಆಮೇಲೆ ತೀರ್ಮಾನಿಸಿ. ವಾಸಕ್ಕೆ ಬಳಸಲು ಅನುಮತಿ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಚುಚ್ಚಿ ನೋಡಿದೆ. ಮೂರು ಬದಿ ಗಟ್ಟಿಯಾಗಿವೆ. ಸೂರಿನ ನೀರು ಬೀಳುವ ಹಿಂಬದಿಯಲ್ಲಿ ಸುಮಾರು ಒಂದು ಮೀಟರ್ ಉದ್ದಕ್ಕೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಆ ತುಂಡನ್ನು ಬದಲಿಸುವವರೆಗೆ ನೆತ್ತಿಗೆ ಜ್ಯಾಕ್ ಕೊಡದಿರಲು ನಿರ್ಧರಿಸಿದ್ದೇನೆ, ಸದ್ಯಕ್ಕೆ ನಡುವೆ ಎರಡು ತಾತ್ಕಾಲಿಕ ಕಂಬಗಳನ್ನು ಆನಿಸಿಟ್ಟಿದ್ದೇನೆ. ಎಂಜಿನಿಯರೊಬ್ಬರು ಬಂದು ನೋಡಲು ಒಪ್ಪಿದ್ದಾರೆ. ಜಿಪ್ಸಮ್ ಬೋರ್ಡನ್ನು ಇನ್ನೂ ತರಿಸಿಲ್ಲ.