ಎಷ್ಟು ಓದಿದರೂ ಮಾರ್ಕ್ಸ್ ಬರುತ್ತಿಲ್ಲ, ಓದುವ ರೀತಿ ಬದಲಿಸಿಕೊಂಡವರು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಮೂರು ಸೆಮಿಸ್ಟರ್ ಮುಗಿದಿವೆ, ಸಿಜಿಪಿಎ (ಎಲ್ಲ ಸೆಮಿಸ್ಟರ್ ಸೇರಿಸಿದ ಸರಾಸರಿ ಗ್ರೇಡ್) 10ಕ್ಕೆ 5.8. ಕ್ಲಾಸು ತಪ್ಪಿಸುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ರಾತ್ರಿಯೆಲ್ಲ ಕೂತು ಓದುತ್ತೇನೆ. ನೋಟ್ಸ್ ತುಂಬ ಹೈಲೈಟರ್ ಬಣ್ಣವೇ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅರ್ಧ ಮರೆತುಹೋಗಿರುತ್ತದೆ. ಮನೆಯಲ್ಲಿ "ಇನ್ನೂ ಜಾಸ್ತಿ ಓದು" ಅನ್ನುತ್ತಾರೆ. ಇನ್ನೆಷ್ಟು ಹೊತ್ತು ಓದೋದು? ಕಡಿಮೆ ಮಾರ್ಕ್ಸ್‌ನಿಂದ ಮೇಲೆ ಬಂದವರು ಏನು ಬದಲಿಸಿದಿರಿ, ಹೇಳುತ್ತೀರಾ?

ಓದು ಮುಗಿಸಿ ಕೆಲಸದಲ್ಲಿರುವವರು

ಓದುವ ಹೊತ್ತು ಹೆಚ್ಚಿಸುವ ಮೊದಲು ಹಳೆಯ ಉತ್ತರ ಪತ್ರಿಕೆಗಳನ್ನು ಹೊರಗೆ ತೆಗೆಯಿರಿ. ಸೆಮಿಸ್ಟರ್ ಪರೀಕ್ಷೆಯದು ಸಿಗದಿದ್ದರೆ ಇಂಟರ್ನಲ್ಸ್‌ನದು ಸಾಕು. ಎಲ್ಲೆಲ್ಲಿ ಮಾರ್ಕ್ ಹೋಗಿದೆಯೋ ಅಲ್ಲಿ ಪಕ್ಕದಲ್ಲೇ ಕಾರಣ ಬರೆಯಿರಿ. ಆ ಪಾಠ ಓದಿರಲೇ ಇಲ್ಲವೇ? ಓದಿದ್ದು ನೆನಪಿಗೆ ಬರಲಿಲ್ಲವೇ? ನೆನಪಿದ್ದರೂ ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲವೇ? ಅಥವಾ ಟೈಮ್ ಸಾಲಲಿಲ್ಲವೇ?

ಈ ನಾಲ್ಕಕ್ಕೂ ಮಾಡಬೇಕಾದ್ದು ಬೇರೆ ಬೇರೆ. ನನ್ನ ಜೊತೆ ಓದುತ್ತಿದ್ದ ಒಬ್ಬಳಿಗೆ ಪಾಠವೆಲ್ಲ ಚೆನ್ನಾಗಿ ಗೊತ್ತಿತ್ತು. "ಹೋಲಿಸಿ" ಅಂತ ಕೇಳಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ವಿವರಿಸಿ ಬರುತ್ತಿದ್ದಳು, ಅಷ್ಟೇ. ಅವಳು ಇನ್ನೂ ಜಾಸ್ತಿ ಓದಿದ್ದರೆ ಏನೂ ಆಗುತ್ತಿರಲಿಲ್ಲ. ಪ್ರಶ್ನೆಯ ಕ್ರಿಯಾಪದಕ್ಕೆ ಅಡಿಗೆರೆ ಎಳೆದು ಆಮೇಲೆ ಬರೆಯುವ ಅಭ್ಯಾಸ ಮಾಡಿಕೊಂಡಳು. ಮುಂದಿನ ಸಲವೇ ವ್ಯತ್ಯಾಸ ಕಾಣಿಸಿತು.

ಮನಶ್ಶಾಸ್ತ್ರ ಓದುತ್ತಿರುವವರು

"ಓದುವಾಗ ಗೊತ್ತಿದೆ ಅನ್ನಿಸುತ್ತದೆ" ಅಂದಿರಲ್ಲ, ತೊಂದರೆ ಇರುವುದು ಅಲ್ಲೇ. ಅದೇ ಪುಟವನ್ನು ಮತ್ತೆ ಮತ್ತೆ ಓದಿದರೆ ಕಣ್ಣಿಗೆ ಅದರ ಪರಿಚಯ ಆಗುತ್ತದೆ. ಪರೀಕ್ಷೆಯಲ್ಲಿ ಪುಟ ಎದುರಿಗೆ ಇರುವುದಿಲ್ಲ, ಅಲ್ವಾ? ಅಲ್ಲಿ ಬೇಕಾಗಿರುವುದು ಖಾಲಿ ಹಾಳೆಯ ಮುಂದೆ ಕೂತು ತಲೆಯಿಂದ ಹೊರಗೆ ತೆಗೆಯುವುದು. ಅದನ್ನು ನಾವು ಮನೆಯಲ್ಲಿ ಒಮ್ಮೆಯೂ ಮಾಡಿರುವುದಿಲ್ಲ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಸಂಶೋಧಕರು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಬರೀ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದು ನೋಡಿದವರಿಗೆ ಸುಮಾರು ಶೇ. 61. ನಿಮ್ಮ ಕಥೆಯೂ ಇದೇ. ರಾತ್ರಿ ಮಲಗುವಾಗ ಎಲ್ಲ ಇರುತ್ತದೆ, ಪರೀಕ್ಷೆಯ ಹೊತ್ತಿಗೆ ಇರುವುದಿಲ್ಲ.

ನಾನು ಮಾಡುವುದು ಹೀಗೆ. ಪಾಠದ ಒಂದು ಭಾಗ, ಅಂದರೆ ಎರಡು ಮೂರು ಪುಟ ಓದುತ್ತೇನೆ. ಪುಸ್ತಕ ಮುಚ್ಚುತ್ತೇನೆ. ರಫ್ ಹಾಳೆಯಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಬರೆಯುತ್ತೇನೆ, ಅಕ್ಷರ ಹೇಗಾದರೂ ಇರಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸುತ್ತೇನೆ. ಮರುದಿನ ಹೊಸ ಪಾಠ ಶುರು ಮಾಡುವ ಮೊದಲು ಹಿಂದಿನ ದಿನದ ಕೆಂಪು ಭಾಗವನ್ನಷ್ಟೇ ನೋಡದೆ ಹೇಳಿಕೊಳ್ಳುತ್ತೇನೆ. ಮೂರು ನಾಲ್ಕು ದಿನ ಬಿಟ್ಟು ಇನ್ನೊಮ್ಮೆ, ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹೀಗೆ ಬಿಡುವು ಕೊಟ್ಟು ಓದಿದರೆ ನೆನಪು ಗಟ್ಟಿಯಾಗುತ್ತದೆ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಬರೆದಿದ್ದ.

ಮೊದಲ ವಾರ ಬೇಸರ ಬರುತ್ತದೆ. ಅರ್ಧ ಗಂಟೆ ಓದಿ ಐದು ಸಾಲು ಬರೆಯಲು ಆಗದಿದ್ದಾಗ, ಹಳೆಯ ರೀತಿಯೇ ಚೆನ್ನಾಗಿತ್ತು ಅನ್ನಿಸುತ್ತದೆ. ಅಲ್ಲಿ ಬಿಡಬೇಡಿ. ತಡಕಾಡುವಾಗಲೇ ಪಾಠ ತಲೆಯಲ್ಲಿ ಕೂರುವುದು. ಹೈಲೈಟರ್ ಬಗ್ಗೆ ಜಾಸ್ತಿ ಹೇಳಲ್ಲ. ಕೈಗೆ ಕೆಲಸ ಕೊಡುತ್ತದೆ, ತಲೆಗೆ ಕೊಡುವುದಿಲ್ಲ.

ಕೇಳಿದವರು

ಈ ರೀತಿ ಓದಿದರೆ ಗಂಟೆಗೆ ನಾಲ್ಕೈದು ಪುಟ ಆದರೆ ಹೆಚ್ಚು. ನನಗೆ ಐದು ಸಬ್ಜೆಕ್ಟ್ ಇವೆ. ಎಲ್ಲ ಮುಗಿಯುತ್ತದಾ?

ಓದು ಮುಗಿಸಿ ಕೆಲಸದಲ್ಲಿರುವವರು

ಎಲ್ಲಕ್ಕೂ ಒಂದೇ ಸಮ ಹೊತ್ತು ಕೊಡಬೇಡಿ. ಸಿಜಿಪಿಎ ಲೆಕ್ಕ ಕ್ರೆಡಿಟ್ ಮೇಲೆ, ಅಂದರೆ ಒಂದೊಂದು ಸಬ್ಜೆಕ್ಟ್‌ಗೆ ಇರುವ ತೂಕದ ಮೇಲೆ ನಿಂತಿದೆ. 4 ಕ್ರೆಡಿಟ್‌ನ ಸಬ್ಜೆಕ್ಟ್‌ನಲ್ಲಿ ಗ್ರೇಡ್ ಪಾಯಿಂಟ್ 5ರಿಂದ 7ಕ್ಕೆ ಏರಿದರೆ ನಿಮ್ಮ ಒಟ್ಟು ಪಾಯಿಂಟ್‌ಗಳಿಗೆ (ಕ್ರೆಡಿಟ್ × ಗ್ರೇಡ್ ಪಾಯಿಂಟ್) 8 ಸೇರುತ್ತದೆ. 2 ಕ್ರೆಡಿಟ್‌ನದರಲ್ಲಿ ಅಷ್ಟೇ ಏರಿದರೆ ಸೇರುವುದು 4. ದೊಡ್ಡ ಕ್ರೆಡಿಟ್, ಮಧ್ಯಮ ಮಾರ್ಕ್ಸ್ ಇರುವ ಸಬ್ಜೆಕ್ಟ್ ಯಾವುದು ನೋಡಿ, ಅಲ್ಲಿಂದ ಶುರು ಮಾಡಿ.

ಇನ್ನೊಂದು ಮಾತು, ಆಮೇಲೆ ಬೇಜಾರಾಗಬಾರದು ಅಂತ ಈಗಲೇ ಹೇಳುತ್ತೇನೆ. ಸಿಜಿಪಿಎ ನಿಧಾನವಾಗಿ ಏರುತ್ತದೆ. ಸೆಮಿಸ್ಟರ್‌ಗೆ 20 ಕ್ರೆಡಿಟ್ ಅಂತ ಇಟ್ಟುಕೊಂಡರೆ, ಮುಂದಿನ ಸಲ ನೀವು 8 ತಂದರೂ ಒಟ್ಟು 6.35 ಆಗುತ್ತದೆ. ಆರು ಸೆಮಿಸ್ಟರ್‌ನ ಪದವಿಯಾದರೆ, ಉಳಿದ ಮೂರರಲ್ಲೂ 8 ತಂದರೆ 6.9. ಹಾಗಾಗಿ ಒಟ್ಟು ಸಿಜಿಪಿಎ ನೋಡುತ್ತಾ ಕೂರಬೇಡಿ, ಆ ಸೆಮಿಸ್ಟರ್‌ನ ಎಸ್‌ಜಿಪಿಎ ನೋಡಿ. ಫೇಲಾದ ಸಬ್ಜೆಕ್ಟ್ ಮತ್ತೆ ಬರೆದರೆ ಹಳೆಯ ಗ್ರೇಡ್ ಹೋಗುತ್ತದೆಯೋ ಇಲ್ಲವೋ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ನಿಮ್ಮ ನಿಯಮಾವಳಿಯನ್ನೇ ಓದಿ, ಫ್ರೆಂಡ್ಸ್ ಹೇಳಿದ್ದನ್ನು ನಂಬಬೇಡಿ.

ಎಂಜಿನಿಯರಿಂಗ್ ವಿದ್ಯಾರ್ಥಿ

ಖಾಲಿ ಹಾಳೆಯ ವಿಷಯ ಥಿಯರಿಗೆ ಸರಿ. ಲೆಕ್ಕ ಬಿಡಿಸುವ ಸಬ್ಜೆಕ್ಟ್‌ಗೆ ಅದೊಂದೇ ಸಾಲದು. ಬಿಡಿಸಿದ ಲೆಕ್ಕವನ್ನು ಓದಿ "ಹೌದು, ಅರ್ಥವಾಯಿತು" ಅಂತ ಮುಂದೆ ಹೋಗುವವರೇ ನಮ್ಮಲ್ಲಿ ಜಾಸ್ತಿ. ಉತ್ತರದ ಮೇಲೆ ಹಾಳೆ ಮುಚ್ಚಿಟ್ಟು ಮೊದಲ ಸಾಲಿನಿಂದ ನೀವೇ ಬಿಡಿಸಿ. ಸಿಕ್ಕಿಹಾಕಿಕೊಂಡರೆ ಒಂದು ಸಾಲು ಮಾತ್ರ ಸರಿಸಿ ನೋಡಿ, ಮತ್ತೆ ಮುಚ್ಚಿ.

ಆಮೇಲೆ, ಒಂದೇ ಥರದ ಇಪ್ಪತ್ತು ಲೆಕ್ಕವನ್ನು ಸಾಲಾಗಿ ಮಾಡಬೇಡಿ. ಐದನೆಯದರ ಹೊತ್ತಿಗೆ ಕೈ ತಾನಾಗಿ ಓಡುತ್ತದೆ, ತಲೆ ಕೆಲಸ ನಿಲ್ಲಿಸಿರುತ್ತದೆ. ಪರೀಕ್ಷೆಯಲ್ಲಿ ಯಾವ ಸೂತ್ರ ಹಾಕಬೇಕು ಅಂತ ಗುರುತಿಸುವುದೇ ಅರ್ಧ ಕೆಲಸ. ಬೇರೆ ಬೇರೆ ಅಧ್ಯಾಯದ ಲೆಕ್ಕಗಳನ್ನು ಕಲಸಿ ಬಿಡಿಸಿ. ರೋರರ್ ಮತ್ತು ಟೇಲರ್ ಅನ್ನುವ ಸಂಶೋಧಕರು 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟು ಇದನ್ನು ನೋಡಿದ್ದರು. ಅಭ್ಯಾಸದ ಹೊತ್ತಿನಲ್ಲಿ, ಒಂದೇ ಥರದ್ದನ್ನು ಸಾಲಾಗಿ ಮಾಡಿದವರೇ ಚೆನ್ನಾಗಿ ಮಾಡಿದ್ದರು. ವಾರದ ನಂತರದ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ಶೇ. 20, ಕಲಸಿ ಮಾಡಿದವರಿಗೆ ಶೇ. 63.

ಇನ್ನೊಬ್ಬರು

ನನ್ನದು ಚಿಕ್ಕ ಸಲಹೆ. ಫೋನ್ ಬೇರೆ ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟುಕೊಂಡರೆ ಆಗಲ್ಲ, ಕೈ ಹೋಗಿಯೇ ಹೋಗುತ್ತದೆ. 25 ನಿಮಿಷ ಓದು, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿ ನನಗೆ ಹಿಡಿಸಿತು.

ಎಂಜಿನಿಯರಿಂಗ್ ವಿದ್ಯಾರ್ಥಿ

ಫೋನ್ ವಿಷಯ ಒಪ್ಪುತ್ತೇನೆ. 25 ನಿಮಿಷ ನನಗಾಗಲ್ಲ. ಉದ್ದದ ಲೆಕ್ಕ ಒಂದು ಹದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ನಾನು 50 ನಿಮಿಷ ಇಟ್ಟುಕೊಂಡಿದ್ದೇನೆ.

ಪಾಠ ಮಾಡುವವರು

ಕ್ಲಾಸಿನ ಈ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ. ಕಡಿಮೆ ಮಾರ್ಕ್ಸ್ ಬರುವ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ಹತ್ತಿರ ಬರುವುದೇ ಇಲ್ಲ. ಬಂದವರೂ "ಸರ್, ಈ ಯೂನಿಟ್ ಏನೂ ಅರ್ಥವಾಗಿಲ್ಲ" ಅನ್ನುತ್ತಾರೆ. ಅದಕ್ಕೆ ನಾನೂ ಇಡೀ ಯೂನಿಟ್ ಮತ್ತೆ ಹೇಳಲಾರೆ. "ಈ ಮೂರನೇ ಹೆಜ್ಜೆಯ ತನಕ ನಾನೇ ಮಾಡಿದೆ, ಇಲ್ಲಿ ಚಿಹ್ನೆ ಯಾಕೆ ಬದಲಾಯಿತು?" ಅಂತ ಹಾಳೆ ಹಿಡಿದುಕೊಂಡು ಬಂದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ ಕೆಂಪು ಪೆನ್ನಿನ ಹಾಳೆ ಅದಕ್ಕೆ ತುಂಬ ಒಳ್ಳೆಯದು. ಅದನ್ನೇ ತೆಗೆದುಕೊಂಡು ಹೋಗಿ.

ಇಂಟರ್ನಲ್ಸ್, ಅಸೈನ್‌ಮೆಂಟ್ ಮಾರ್ಕ್ಸ್ ಬಿಡಬೇಡಿ. ಫೈನಲ್‌ನಲ್ಲಿ ಐದು ಮಾರ್ಕ್ಸ್ ಹೆಚ್ಚು ತೆಗೆಯುವುದಕ್ಕಿಂತ, ಅಸೈನ್‌ಮೆಂಟ್ ಹೊತ್ತಿಗೆ ಸರಿಯಾಗಿ ಕೊಟ್ಟು ಐದು ತೆಗೆಯುವುದು ಎಷ್ಟೋ ಸುಲಭ.

ರಾತ್ರಿಯೆಲ್ಲ ಓದುವುದನ್ನು ಮೊದಲು ನಿಲ್ಲಿಸಿ. ಓದಿದ್ದು ನೆನಪಿನಲ್ಲಿ ನೆಲೆಯಾಗುವುದಕ್ಕೆ ನಿದ್ದೆ ಬೇಕು. ನಿದ್ದೆಗೆಟ್ಟು ಬಂದ ಮಕ್ಕಳು ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಳ್ಳುವುದನ್ನು ಪ್ರತಿ ಪರೀಕ್ಷೆಯಲ್ಲೂ ನೋಡುತ್ತೇನೆ. ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅನ್ನುವ ಹಾಗಿದ್ದರೆ ಅದು ಓದಿನ ರೀತಿಯ ತೊಂದರೆ ಅಲ್ಲದಿರಬಹುದು. ಆಗ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಮಾತಾಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಉತ್ತರ ಪತ್ರಿಕೆಗಳನ್ನು ತೆಗೆದು ನೋಡಿದೆ. ಎರಡು ಸಬ್ಜೆಕ್ಟ್‌ನಲ್ಲಿ ನೀವು ಹೇಳಿದ ಹಾಗೆ ನೆನಪಿಗೆ ಬಾರದೆ ಹೋದದ್ದೇ ಹೆಚ್ಚು. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಬೇರೆ ಕಥೆ. ಬರೆದದ್ದಕ್ಕೆಲ್ಲ ಒಳ್ಳೆಯ ಮಾರ್ಕ್ಸ್ ಇದೆ, ಕೊನೆಯ ಎರಡು ಪ್ರಶ್ನೆ ಮುಟ್ಟಿಯೇ ಇಲ್ಲ. ಇದಕ್ಕೇನು ಮಾಡಲಿ?

ಪಾಠ ಮಾಡುವವರು

ಆ ಸಬ್ಜೆಕ್ಟ್‌ಗೆ ಇನ್ನು ಹೊಸದಾಗಿ ಓದುವುದು ಬೇಡ. ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು ಗಡಿಯಾರ ಮುಂದಿಟ್ಟು ಬರೆಯಿರಿ. ಮೂರು ಗಂಟೆ, 100 ಮಾರ್ಕ್ಸ್ ಅಂದರೆ, ಕೊನೆಗೆ ತಿರುಗಿ ನೋಡಲು ಕಾಲು ಗಂಟೆ ತೆಗೆದಿಟ್ಟು, 10 ಮಾರ್ಕ್ಸ್‌ನ ಪ್ರಶ್ನೆಗೆ ಹದಿನಾರು ನಿಮಿಷ ಸಿಗುತ್ತದೆ. ಹದಿನಾರು ಮುಗಿದ ಕೂಡಲೇ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ, ಲೆಕ್ಕ ಅರ್ಧದಲ್ಲಿದ್ದರೂ ಸರಿ. ಹೆಜ್ಜೆಗಳಿಗೆ ಮಾರ್ಕ್ಸ್ ಕೊಡುವ ಕಡೆ ಅರ್ಧ ಲೆಕ್ಕಕ್ಕೂ ಏನಾದರೂ ಸಿಗುತ್ತದೆ. ಖಾಲಿ ಪುಟಕ್ಕೆ ನಾವು ಏನು ಕೊಡೋಣ ಹೇಳಿ?